ಹಳೆಯ ಆರ್ಕೇಡ್ ಸೂಪರ್‌ಹೀರೋ ಆಟಗಳು: ಟಿವಿಗೆ ಜೋಡಿಸುವ ಕನ್ಸೋಲೋ, ಕೈಯಲ್ಲಿ ಹಿಡಿಯುವುದೋ?

ಪ್ರಶ್ನೆ: ಬೆಣ್ಣೆನಗರಿ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯ ನಿಟ್ಟುವಳ್ಳಿಯವನು, ವಯಸ್ಸು 41. 1990ರ ದಶಕದ ಕೊನೆಯಲ್ಲಿ ಟ್ಯೂಷನ್ನಿಗೆಂದು ಮನೆಯಿಂದ ಹೊರಟು, ಅಶೋಕ ರಸ್ತೆಯ ಹಿಂದಿನ ಗಲ್ಲಿಯಲ್ಲಿದ್ದ ಆರ್ಕೇಡಿನಲ್ಲಿ, ಎಂದರೆ ನಾಣ್ಯ ಹಾಕಿ ಆಡುವ ಗೇಮ್ ಪಾರ್ಲರಿನಲ್ಲಿ ನಿಂತುಬಿಡುತ್ತಿದ್ದ ಹುಡುಗರಲ್ಲಿ ನಾನೂ ಒಬ್ಬ. ನಾವೆಲ್ಲ 'ಮುಸ್ತಫಾ' ಎಂದೇ ಕರೆಯುತ್ತಿದ್ದ ಡೈನೋಸಾರ್ ಆಟ, ಎದೆಯ ಮೇಲೆ ತಲೆಬುರುಡೆಯ ಗುರುತಿರುವ ಪನಿಶರ್ ಆಟ, ಎಕ್ಸ್-ಮೆನ್ ಮತ್ತು ಸ್ಟ್ರೀಟ್ ಫೈಟರ್ ಮಂದಿ ಹೊಡೆದಾಡುವ ಆಟ, ಈ ಮೂರಕ್ಕೆ ಸುರಿದ ನಾಣ್ಯಗಳನ್ನು ಕೂಡಿಟ್ಟಿದ್ದರೆ ಒಂದು ಸೈಕಲ್ ಬರುತ್ತಿತ್ತೆಂದು ನಮ್ಮ ತಾಯಿ ಈಗಲೂ ಹೇಳುತ್ತಾರೆ.

ನನ್ನ ಮಗಳಿಗೆ ಈಗ 11 ವರ್ಷ. ಹರಿಹರದಲ್ಲಿರುವ ಅವಳ ಅತ್ತೆಯ, ಎಂದರೆ ನನ್ನ ತಂಗಿಯ ಮನೆಯಲ್ಲಿ ಪ್ಲೇಸ್ಟೇಷನ್ 4ರ ಮೇಲೆ 2018ರ ಸ್ಪೈಡರ್-ಮ್ಯಾನ್ ಆಡಿ ಬಂದಂದಿನಿಂದ ಅವಳ ಬಾಯಲ್ಲಿ ಬೇರೆ ಮಾತಿಲ್ಲ. ನಾನು ಆಡುತ್ತಿದ್ದ ಆಟಗಳನ್ನು ಅವಳ ಜೊತೆ ಕುಳಿತು ಆಡಬೇಕೆಂಬ ಆಸೆ ನನ್ನದು. ಮಂಡಿಪೇಟೆಯ ಅಂಗಡಿಯೊಂದರಲ್ಲಿ ಅಂಗೈಗಿಂತ ತುಸು ದೊಡ್ಡದಾದ, 3.5 ಇಂಚಿನ ಪರದೆಯುಳ್ಳ, 'ಹತ್ತು ಸಾವಿರ ಆಟಗಳು' ಎಂದು ಡಬ್ಬಿಯ ಮೇಲೆ ಬರೆದ ಸಾಧನವನ್ನು ತೋರಿಸಿದರು. ಅದನ್ನು ಕೊಳ್ಳಬಹುದೇ, ಅಥವಾ ಟಿವಿಗೆ ಜೋಡಿಸುವ ಕನ್ಸೋಲನ್ನೇ ನೋಡಬೇಕೇ ಎಂಬುದು ನನ್ನ ಮುಖ್ಯ ಪ್ರಶ್ನೆ.

ಇದರ ಜೊತೆಗೆ ಇನ್ನೆರಡು ಸಂಶಯಗಳಿವೆ. ಅಟ್ಟದಿಂದ ಹಳೆಯ ಸಮುರಾಯ್ ಸೆಟ್ಟನ್ನು (ನಿಂಟೆಂಡೋ ಮಾದರಿಯ, ಕ್ಯಾಸೆಟ್ ಹಾಕಿ ಟಿವಿಯಲ್ಲಿ ಆಡುವ ಸೆಟ್ಟು) ಇಳಿಸಿ ಎಲ್ಇಡಿ ಟಿವಿಗೆ ಜೋಡಿಸಿದೆ. ಮಾರಿಯೋ ಓಡುತ್ತಾನೆ, ಕಾಂಟ್ರಾ ನಡೆಯುತ್ತದೆ, ಆದರೆ ಬಾತುಕೋಳಿ ಬೇಟೆಯ ಆಟದಲ್ಲಿ ಸೆಟ್ಟಿನ ಆಟಿಕೆ ಬಂದೂಕಿನಿಂದ ಪರದೆಗೆ ತಾಗಿಸಿಕೊಂಡು ಹೊಡೆದರೂ ಒಂದು ಬಾತುಕೋಳಿಯೂ ಬೀಳುವುದಿಲ್ಲ. ಎರಡನೆಯದು ಕಾಲೇಜಿನ ದಿನಗಳದು: ಗೆಳೆಯನ ಕೊಠಡಿಯಲ್ಲಿದ್ದ ಮೊದಲ ಪ್ಲೇಸ್ಟೇಷನ್ನಿನಲ್ಲಿ ಎಕ್ಸ್-ಮೆನ್ ವರ್ಸಸ್ ಸ್ಟ್ರೀಟ್ ಫೈಟರ್ ಹಾಕಿದರೆ, ಪಾರ್ಲರಿನಲ್ಲಿ ಆಗುತ್ತಿದ್ದಂತೆ ಕಾಳಗದ ನಡುವೆ ಜೊತೆಗಾರನನ್ನು ಬದಲಿಸಲು ಆಗುತ್ತಿರಲಿಲ್ಲ. ಡಿಸ್ಕ್ ಕೆಟ್ಟಿದೆ ಎಂದು ಅಂಗಡಿಯವನೊಡನೆ ಜಗಳವಾಡಿ ಹಣ ವಾಪಸು ಪಡೆದಿದ್ದೆವು. ಅದು ನಿಜಕ್ಕೂ ಡಿಸ್ಕಿನ ತಪ್ಪೇ?

ಉತ್ತರ 1: ಏಳುಸುತ್ತು (ಚಿತ್ರದುರ್ಗ)

ಬೆಣ್ಣೆನಗರಿಯವರೇ, ನಾನು ಚಿತ್ರದುರ್ಗದಲ್ಲಿ ಇಪ್ಪತ್ತಾರು ವರ್ಷಗಳಿಂದ ಟಿವಿ ರಿಪೇರಿ ಮಾಡುತ್ತಿದ್ದೇನೆ. ಆದ್ದರಿಂದ ಬಂದೂಕಿನ ವಿಷಯವನ್ನು ಮೊದಲು ಎತ್ತಿಕೊಳ್ಳುತ್ತೇನೆ. ನಿಮ್ಮ ಬಂದೂಕು ಬಹುಶಃ ಕೆಟ್ಟಿಲ್ಲ. ಅದಕ್ಕೆ ಬೇಕಾದ ಟಿವಿ ನಿಮ್ಮ ಮನೆಯಲ್ಲಿಲ್ಲ, ಅಷ್ಟೇ.

ಆ ಬಂದೂಕಿನಿಂದ ಏನೂ ಹೊರಗೆ ಹೋಗುವುದಿಲ್ಲ. ಅದರ ನಳಿಕೆಯೊಳಗೆ ಬೆಳಕನ್ನು ಗುರುತಿಸುವ ಒಂದು ಪುಟ್ಟ ಕಣ್ಣಿದೆ. ಕುದುರೆ ಎಳೆದ ಕೂಡಲೇ ಕನ್ಸೋಲು ಇಡೀ ಪರದೆಯನ್ನು ಒಂದು ಕ್ಷಣ ಕಪ್ಪಾಗಿಸಿ, ಅದರ ಮರುಕ್ಷಣ ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಒಂದು ಬಿಳಿ ಚೌಕವನ್ನು ಬರೆಯುತ್ತದೆ. ಕಣ್ಣಿಗೆ ಮೊದಲು ಕತ್ತಲೆ, ಆಮೇಲೆ ಬೆಳಕು ಕಂಡರೆ ಹೊಡೆತ ಬಿತ್ತೆಂದು ಲೆಕ್ಕ. ಎರಡು ಬಾತುಕೋಳಿಗಳಿದ್ದರೆ ಎರಡು ಚೌಕಗಳು ಒಂದರ ನಂತರ ಒಂದು ಬರುತ್ತವೆ, ಅದರಿಂದಲೇ ಬಿದ್ದದ್ದು ಯಾವುದೆಂದು ತಿಳಿಯುತ್ತದೆ. ಮೊದಲು ಕತ್ತಲೆ ಕಾಣಬೇಕೆಂಬ ಷರತ್ತು ಇರುವುದರಿಂದಲೇ ನಿಂಟೆಂಡೋದ ಮೂಲ ಬಂದೂಕನ್ನು ಉರಿಯುವ ಬಲ್ಬಿನ ಕಡೆಗೆ ತಿರುಗಿಸಿ ಮೋಸ ಮಾಡಲು ಆಗುತ್ತಿರಲಿಲ್ಲ. ಡಬ್ಬಾ ಟಿವಿಯಲ್ಲಿ ಸಿಗ್ನಲ್ ಬಂದಂತೆಲ್ಲ ಗೆರೆಗೆರೆಯಾಗಿ ಚಿತ್ರ ಮೂಡುತ್ತದೆ, ನಡುವೆ ಕಾಯುವುದೆಂಬುದೇ ಇಲ್ಲ. ಎಲ್ಇಡಿ ಟಿವಿಯಾದರೋ ಬಂದ ಚಿತ್ರವನ್ನು ಮೊದಲು ತನ್ನೊಳಗೆ ಇಟ್ಟುಕೊಂಡು, ಹಿಗ್ಗಿಸಿ, ಬಣ್ಣ ತಿದ್ದಿ, ಅನಂತರ ತೋರಿಸುತ್ತದೆ. ಅಷ್ಟರಲ್ಲಿ ಕನ್ಸೋಲು ನೋಡಬೇಕಾದ ಕ್ಷಣ ದಾಟಿಹೋಗಿರುತ್ತದೆ. ಸಾಲದ್ದಕ್ಕೆ ಆ ಕಣ್ಣಿನ ಸರ್ಕ್ಯೂಟನ್ನು ಡಬ್ಬಾ ಟಿವಿಯ ಮಿನುಗಿಗೆ ಹೊಂದಿಸಿರುತ್ತಾರೆ, ಎಲ್ಇಡಿಯ ಸಮನಾದ ಬೆಳಕು ಅದಕ್ಕೆ ಬೆಳಕೆಂದೇ ಅನ್ನಿಸುವುದಿಲ್ಲ.

ಹಾಗಾಗಿ ಬಂಧುಗಳ ಮನೆಯಲ್ಲಿ ಮೂಲೆ ಸೇರಿರುವ ಡಬ್ಬಾ ಟಿವಿ ಇದ್ದರೆ ತರಿಸಿಕೊಳ್ಳಿ. ಆದರೆ ಅದು ಕೆಲಸ ಮಾಡದಿದ್ದರೆ ದಯವಿಟ್ಟು ತಾವೇ ಬಿಚ್ಚಬೇಡಿ. ಬಣ್ಣದ ಪಿಕ್ಚರ್ ಟ್ಯೂಬಿಗೆ 20,000 ವೋಲ್ಟ್‌ಗಿಂತ ಹೆಚ್ಚು ಒತ್ತಡ ಹೋಗುತ್ತದೆ, ಪ್ಲಗ್ ಕಿತ್ತ ಮೇಲೂ ಅದರಲ್ಲಿ ಚಾರ್ಜ್ ಉಳಿದಿರುತ್ತದೆ. ಸೆಟ್ಟಿನ ಅಡಾಪ್ಟರ್ ಕಳೆದುಹೋಗಿದ್ದರೆ ಪಿನ್ ಹೊಂದಿತೆಂದು ಯಾವುದನ್ನೋ ಚುಚ್ಚಬೇಡಿ, ಪ್ಲಸ್ ಒಳಗಿದೆಯೋ ಹೊರಗಿದೆಯೋ ಎಂಬ ಗುರುತನ್ನು ಸೆಟ್ಟಿನ ತಳದಲ್ಲಿ ನೋಡಿಯೇ ಹಾಕಿ. ಕ್ಯಾಸೆಟ್ ಹಿಡಿಯದಿದ್ದರೆ ನಾವೆಲ್ಲ ಚಿಕ್ಕಂದಿನಲ್ಲಿ ಊದುತ್ತಿದ್ದೆವಲ್ಲ, ಉಸಿರಿನ ತೇವ ತಾಮ್ರದ ಪಟ್ಟಿಗಳನ್ನು ತಿನ್ನುವುದರಿಂದ ಆ ವಿದ್ಯೆಯನ್ನು ಬಿಟ್ಟು, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಇಯರ್ ಬಡ್‌ನಿಂದ ಒರೆಸಿ.

ಇನ್ನು ಕೈಯಲ್ಲಿ ಹಿಡಿಯುವ ಸಾಧನದ ಮಾತು. ಡಬ್ಬಿಯ ಮೇಲಿನ ಹತ್ತು ಸಾವಿರಕ್ಕೆ ಮರುಳಾಗಬೇಡಿ. ಜಾತ್ರೆಯಲ್ಲಿ ಸಿಗುತ್ತಿದ್ದ '9999 ಇನ್ 1' ಕ್ಯಾಸೆಟ್ಟಿನಲ್ಲಿ ಒಂದೇ ಆಟ ಹತ್ತಾರು ಹೆಸರಿನಲ್ಲಿ ಬರುತ್ತಿದ್ದುದು ನೆನಪಿರಬೇಕು. ನೋಡಬೇಕಾದದ್ದು ಪರದೆ ಮತ್ತು ಗುಂಡಿ. ಆ ಗಾತ್ರದ ಸಾಧನಗಳಲ್ಲಿ ಸಾಮಾನ್ಯವಾಗಿ 640×480 ಪಿಕ್ಸೆಲ್‌ಗಳ ಪರದೆ ಇರುತ್ತದೆ. ನಿಂಟೆಂಡೋದ ಹಳೆಯ ಕೈ ಸಾಧನವಾದ ಗೇಮ್‌ಬಾಯ್‌ನ ಚಿತ್ರ 160×144. ಅದನ್ನು ಮೂರು ಪಟ್ಟು ಮಾಡಿದರೆ 480×432 ಆಗಿ ಒಳಗೆ ಅಚ್ಚುಕಟ್ಟಾಗಿ ಕೂರುತ್ತದೆ. ನಿಮ್ಮ ಸಮುರಾಯ್ ಸೆಟ್ಟಿನ ಆಟಗಳದು 256×240. ಎರಡು ಪಟ್ಟಿಗೆ 512×480. ಗೇಮ್‌ಬಾಯ್ ಅಡ್ವಾನ್ಸ್‌ನದು 240×160 ಆದ್ದರಿಂದ ಎರಡು ಪಟ್ಟು ಮಾಡಿದರೆ ಸುತ್ತ ಕಪ್ಪು ಅಂಚು ಉಳಿಯುತ್ತದೆ, ಮೂರು ಪಟ್ಟು ಮಾಡಿದರೆ 720 ಆಗಿ ಪರದೆಯನ್ನೇ ಮೀರುತ್ತದೆ, ನಡುವಿನ ಅಳತೆಗೆ ಎಳೆದರೆ ಕೆಲವು ಚುಕ್ಕೆಗಳು ದಪ್ಪ, ಕೆಲವು ತೆಳುವಾಗಿ ಕಾಣುತ್ತವೆ. ನೀವು ಹೇಳಿದ ಪಾರ್ಲರ್ ಆಟಗಳ ಚಿತ್ರ 384×224 ಆಗಿದ್ದರೂ ಅದನ್ನು 4:3 ಅಳತೆಯ ಟ್ಯೂಬಿನಲ್ಲಿ ತೋರಿಸಲೆಂದೇ ಬರೆದದ್ದು. ದೊಡ್ಡ ಟಿವಿಯಲ್ಲಿ ಪೂರ್ತಿ ಅಗಲಕ್ಕೆ ಹಿಗ್ಗಿಸಿದರೆ ಎಕ್ಸ್-ಮೆನ್ ಆಟದ ವೊಲ್ವರಿನ್ ನಮ್ಮೂರ ಗರಡಿಮನೆಯ ಉಸ್ತಾದರ ಹಾಗೆ ಕಾಣುತ್ತಾನೆ! ಟಿವಿಯ ಅನುಪಾತವನ್ನು 4:3ಕ್ಕೆ ಇಟ್ಟು, 'ಗೇಮ್ ಮೋಡ್' ಹಾಕಿ. ಗುಂಡಿ ಒತ್ತಿದ್ದಕ್ಕೂ ಹೊಡೆತ ಬೀಳುವುದಕ್ಕೂ ನಡುವಿನ ತಡ ಎದ್ದುಕಾಣುವಷ್ಟು ಕಡಿಮೆಯಾಗುತ್ತದೆ.

ಉತ್ತರ 2: ವಿದ್ಯಾನಗರದ ಮೇಷ್ಟ್ರು (ದಾವಣಗೆರೆ)

ಏಳುಸುತ್ತು ಅವರು ಯಂತ್ರದ ಬಗ್ಗೆ ಹೇಳಬೇಕಾದದ್ದನ್ನು ಹೇಳಿಯಾಗಿದೆ. ನಾನು ಆಟಗಳ ಬಗ್ಗೆ ಹೇಳುತ್ತೇನೆ.

ಮೊದಲಿಗೆ, ತಾವು ಆ ಅಂಗಡಿಯವನಿಗೆ ಒಂದು ಕ್ಷಮಾಪಣೆ ಬಾಕಿ ಉಳಿಸಿಕೊಂಡಿದ್ದೀರಿ. ಎಕ್ಸ್-ಮೆನ್ ವರ್ಸಸ್ ಸ್ಟ್ರೀಟ್ ಫೈಟರ್ 1996ರಲ್ಲಿ ಆರ್ಕೇಡಿಗೆ ಬಂತು. ಕಾಳಗದ ನಡುವೆ ಜೊತೆಗಾರನನ್ನು ಕರೆಯಬೇಕಾದರೆ ನಾಲ್ವರ ಎಲ್ಲ ಚಿತ್ರಗಳೂ ಮೆಮೊರಿಯಲ್ಲಿ ಸಿದ್ಧವಾಗಿರಬೇಕು. ಪ್ಲೇಸ್ಟೇಷನ್ನಿನ ಮುಖ್ಯ ಮೆಮೊರಿ ಇದ್ದದ್ದು 2 ಎಂಬಿ. ಡಿಸ್ಕಿನಿಂದ ಮತ್ತೆ ಮತ್ತೆ ಓದಿಸುತ್ತ ಕುಳಿತರೆ ಆಟ ನಿಂತುಹೋಗುತ್ತದೆ. ಆದ್ದರಿಂದ ಕ್ಯಾಪ್ಕಾಂ ಕಂಪನಿಯವರು 1998ರ ಪ್ಲೇಸ್ಟೇಷನ್ ಆವೃತ್ತಿಯಲ್ಲಿ ಬದಲಿಸುವ ಏರ್ಪಾಡನ್ನೇ ತೆಗೆದುಹಾಕಿ, ಜೊತೆಗಾರ ವಿಶೇಷ ಹೊಡೆತಕ್ಕೆ ಮಾತ್ರ ಬಂದುಹೋಗುವಂತೆ ಮಾಡಿದರು. ಸೆಗಾ ಸ್ಯಾಟರ್ನ್ ಕನ್ಸೋಲಿಗೆ ಜಪಾನಿನಲ್ಲಿ ಇದೇ ಆಟ 4 ಎಂಬಿ ಮೆಮೊರಿಯ ಪ್ರತ್ಯೇಕ ಕಾರ್ಟ್ರಿಜ್ಜಿನೊಂದಿಗೆ ಬಂದಿತ್ತು, ಅದರಲ್ಲಿ ಪಾರ್ಲರಿನಂತೆಯೇ ಬದಲಿಸಬಹುದಾಗಿತ್ತು. ತಾವು ಹಣ ವಾಪಸು ಪಡೆದ ಡಿಸ್ಕ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು.

ತಮ್ಮ 'ಮುಸ್ತಫಾ' ಹಾಗೂ ಪನಿಶರ್ ಎರಡೂ ಕ್ಯಾಪ್ಕಾಂನವೇ, ಎರಡೂ 1993ರವೇ, ಎರಡಕ್ಕೂ ಮೂಲ ಕಾಮಿಕ್ ಪುಸ್ತಕಗಳೇ. ಮುಸ್ತಫಾ ಆಟದ ನಿಜವಾದ ಹೆಸರು ಕ್ಯಾಡಿಲ್ಯಾಕ್ಸ್ ಅಂಡ್ ಡೈನೋಸಾರ್ಸ್. ಅದರ ನಾಲ್ವರು ನಾಯಕರಲ್ಲಿ ಒಬ್ಬನಾದ ಮುಸ್ತಫಾನ ಓಡುವ ಒದೆತ ನಮ್ಮ ಊರುಗಳಲ್ಲಿ ಎಷ್ಟು ಜನಪ್ರಿಯವಾಯಿತೆಂದರೆ ಆಟಕ್ಕೇ ಅವನ ಹೆಸರು ನಿಂತಿತು. ಆದರೆ ಆ ಆರ್ಕೇಡ್ ಆಟ ಅಧಿಕೃತವಾಗಿ ಯಾವ ಮನೆಯ ಕನ್ಸೋಲಿಗೂ ಬರಲೇ ಇಲ್ಲ. ಪಾತ್ರಗಳು ಒಬ್ಬರವು, ಆಟ ಇನ್ನೊಬ್ಬರದು ಆದಾಗ ಒಪ್ಪಂದ ಮುಗಿದ ಮೇಲೆ ಆಟಕ್ಕೆ ದಿಕ್ಕಿಲ್ಲದಂತಾಗುತ್ತದೆ. ಸೂಪರ್‌ಹೀರೋ ಆಟಗಳಿಗೆ ಇದು ಹುಟ್ಟಿನಿಂದಲೇ ಅಂಟಿದ ಶಾಪ. 1992ರ ಕೊನಾಮಿಯ ಎಕ್ಸ್-ಮೆನ್ ಆಟಕ್ಕೆ ಎರಡು ಪರದೆಗಳ, ಆರು ಜನ ಒಟ್ಟಿಗೆ ಆಡುವ ಬೃಹತ್ ಕ್ಯಾಬಿನೆಟ್ ಇತ್ತು. 2010ರಲ್ಲಿ ಅದು ಮನೆಯ ಕನ್ಸೋಲುಗಳಿಗೆ ಡೌನ್‌ಲೋಡ್ ರೂಪದಲ್ಲಿ ಬಂದು, ಕೆಲವು ವರ್ಷಗಳಲ್ಲಿ ಮಾರಾಟದಿಂದಲೇ ಮರೆಯಾಯಿತು. ಪನಿಶರ್ ಮೂರು ದಶಕ ಕಾಯಬೇಕಾಯಿತು. 1990ರ ದಶಕದಲ್ಲೇ ಸೆಗಾದ ಮನೆ ಕನ್ಸೋಲಿಗೆ ಬಂದ ಕಡಿತದ ಆವೃತ್ತಿಯನ್ನು ಬಿಟ್ಟರೆ, ಮೂಲ ಆರ್ಕೇಡ್ ರೂಪ ಮನೆಯ ಕನ್ಸೋಲಿಗೆ ಬಂದದ್ದು 2024ರ ಮಾರ್ವೆಲ್ ವರ್ಸಸ್ ಕ್ಯಾಪ್ಕಾಂ ಸಂಗ್ರಹದಲ್ಲಿ. ಅದರಲ್ಲಿ ಒಟ್ಟು ಏಳು ಆಟಗಳಿವೆ; ತಾವು ಜಗಳವಾಡಿದ ಆಟವೂ ಒಂದು, ಜೊತೆಗಾರನನ್ನು ಬದಲಿಸುವ ಏರ್ಪಾಡಿನ ಸಮೇತ. ಪ್ಲೇಸ್ಟೇಷನ್ 4, ನಿಂಟೆಂಡೋ ಸ್ವಿಚ್ ಹಾಗೂ ಕಂಪ್ಯೂಟರಿಗೆ ಅದು ಸಿಗುತ್ತದೆ. ಎಂದರೆ ಹರಿಹರದ ತಂಗಿಯ ಮನೆಯಲ್ಲಿ ಆಗಲೇ ಇರುವ ಯಂತ್ರವೇ ಸಾಕು, ಮಂಡಿಪೇಟೆಗೆ ಹೋಗಬೇಕಾಗಿಯೇ ಇಲ್ಲ.

11 ವರ್ಷದ ಮಗುವಿಗೆ ಪನಿಶರ್‌ನ ಬಂದೂಕುಗಳಿಗಿಂತ ನಿಂಜಾ ಆಮೆಗಳು (ನಿಂಜಾ ಟರ್ಟಲ್ಸ್) ಲೇಸೆಂದು ನನ್ನ ಅಭಿಪ್ರಾಯ. ಅವುಗಳ 1989ರ ಆರ್ಕೇಡ್ ಆಟವನ್ನೂ ಸೇರಿಸಿ 13 ಹಳೆಯ ಆಟಗಳು 2022ರ ಕೌವಬಂಗಾ ಸಂಗ್ರಹದಲ್ಲಿವೆ. ತಪ್ಪು ಹೆಜ್ಜೆ ಇಟ್ಟರೆ ಹಿಂದಕ್ಕೆ ತಿರುಗಿಸುವ ಸೌಲಭ್ಯವೂ ಅದರಲ್ಲಿದೆ.

ಮಗಳಿಗೆ ಜೇಡ ಇಷ್ಟವಾದರೆ ಅವಳ ಆಟದಿಂದ ಹಿಂದಕ್ಕೆ ನಡೆಸಿಕೊಂಡು ಹೋಗಿ. 2004ರ ಸ್ಪೈಡರ್-ಮ್ಯಾನ್ 2ರಲ್ಲಿ ಬಲೆಯ ಎಳೆ ಆಕಾಶಕ್ಕಲ್ಲದೆ ನಿಜವಾದ ಕಟ್ಟಡಕ್ಕೆ ಅಂಟಬೇಕಾಗಿತ್ತು, ಅವಳು ಮೆಚ್ಚಿದ ಜೋಕಾಲಿಯ ಬೇರು ಅಲ್ಲಿದೆ. 2000ದ ಪ್ಲೇಸ್ಟೇಷನ್ ಆಟದಲ್ಲಿ ಇಡೀ ನಗರವನ್ನು ನೆಲದವರೆಗೆ ಬಿಡಿಸಲು ಯಂತ್ರಕ್ಕೆ ಶಕ್ತಿ ಸಾಲದು, ಆದ್ದರಿಂದ ಬೀದಿಗಳನ್ನೆಲ್ಲ ಮಂಜು ಮುಚ್ಚಿರುತ್ತದೆ. ಅದಕ್ಕೆ ಕಥೆಯಲ್ಲೇ ಖಳರು ವಿಷಾನಿಲ ಹರಡಿದ್ದಾರೆಂದು ಕಾರಣ ಕೊಟ್ಟುಬಿಟ್ಟರು! ಬಡತನವನ್ನು ಇಷ್ಟು ಜಾಣತನದಿಂದ ಮುಚ್ಚಿದ ಆಟ ನನಗೆ ಇನ್ನೊಂದು ತಿಳಿಯದು.

ಕೊನೆಗೆ ನಾನು ಒತ್ತಿ ಹೇಳಬೇಕೆಂದಿರುವ ಮಾತು. ಪಾರ್ಲರಿನ ಆಟ ನಾಣ್ಯ ನುಂಗುವುದಕ್ಕೆಂದೇ ಕಟ್ಟಿದ್ದು. ಅದರಲ್ಲಿ ಸಾಯುವುದೇ ಅದರ ಮಾಲೀಕನ ಆದಾಯ. 1979ರಲ್ಲಿ ಅಟಾರಿ 2600 ಎಂಬ ಮನೆಯ ಕನ್ಸೋಲಿಗೆ ಬಂದ ಸೂಪರ್‌ಮ್ಯಾನ್ ಮನೆಗೆಂದೇ ಮಾಡಿದ್ದರಿಂದ ಅದರಲ್ಲಿ ಅವನು ಸಾಯುವುದೇ ಇಲ್ಲ. ಅವನಿಗೆ ಮಾರಕವಾದ ಕ್ರಿಪ್ಟೊನೈಟ್ ಕಲ್ಲು ತಾಗಿದರೆ ಹಾರುವ ಶಕ್ತಿ ಹೋಗುತ್ತದೆ, ಅವನ ಪ್ರೇಯಸಿ ಲೋಯಿಸ್ ಲೇನ್ ಮುತ್ತಿಟ್ಟರೆ ಮರಳುತ್ತದೆ. ಸೇತುವೆಯ ತುಂಡುಗಳನ್ನು ಜೋಡಿಸಿ, ಕಳ್ಳರನ್ನು ಹಿಡಿದು, ಎಷ್ಟು ಬೇಗ ತಾನು ಕೆಲಸ ಮಾಡುವ ಪತ್ರಿಕೆಯ ಕಚೇರಿಗೆ ಮರಳಿದ ಎಂಬುದಷ್ಟೇ ಲೆಕ್ಕ. ಪಾರ್ಲರಿನ ಆಟವನ್ನು ಮನೆಗೆ ತಂದಾಗ ನಾಣ್ಯದ ಜಾಗದಲ್ಲಿ ಒಂದು ಗುಂಡಿ ಇರುತ್ತದೆ, ಅದನ್ನು ಒತ್ತುತ್ತ ಹೋದರೆ ಯಾರಾದರೂ ಒಂದೇ ಸಂಜೆಯಲ್ಲಿ ಆಟ ಮುಗಿಸಿ, ಇದರಲ್ಲೇನಿದೆ ಎಂದು ಎದ್ದುಹೋಗುತ್ತಾರೆ. ನಾವು ಪಾರ್ಲರಿನಲ್ಲಿ ಅಷ್ಟು ಜಾಗರೂಕತೆಯಿಂದ ಆಡುತ್ತಿದ್ದುದು ಜೇಬಿನಲ್ಲಿ ಎರಡೇ ನಾಣ್ಯ ಇರುತ್ತಿದ್ದುದರಿಂದ. ಮಗಳಿಗೂ ದಿನಕ್ಕೆ ಇಷ್ಟೇ ನಾಣ್ಯವೆಂದು ನಿಗದಿ ಮಾಡಿ ನೋಡಿ.

ಉತ್ತರ 3: ಹದಡಿ ರಸ್ತೆ (ದಾವಣಗೆರೆ)

ಸೂಪರ್‌ಹೀರೋ ಇಲ್ಲದಿದ್ದರೂ ಒಂದು ಆಟವನ್ನು ಸೂಚಿಸಲು ಅನುಮತಿ ಕೋರುತ್ತೇನೆ. ನಿಮ್ಮ ಸಮುರಾಯ್ ಕ್ಯಾಸೆಟ್ಟುಗಳಲ್ಲಿ ಟ್ಯಾಂಕ್ ಆಟ, ಎಂದರೆ 1985ರ ಬ್ಯಾಟಲ್ ಸಿಟಿ, ಇದೆಯೇ ನೋಡಿ. ಅದರ ಮೆನುವಿನ ಮೂರನೆಯ ಆಯ್ಕೆಯಲ್ಲಿ ಇಟ್ಟಿಗೆ, ಉಕ್ಕು, ನೀರು, ಪೊದೆಗಳನ್ನು ಬೇಕಾದಲ್ಲಿ ಇಟ್ಟು ನಾವೇ ರಣರಂಗ ಕಟ್ಟಬಹುದು. ನನ್ನ ಮಗ ಮತ್ತು ಅವನ ತಂಗಿ ಆಟಕ್ಕಿಂತ ಅದರಲ್ಲೇ ಹೆಚ್ಚು ಹೊತ್ತು ಕಳೆಯುತ್ತಾರೆ, ಕೆಳತುದಿಯ ನಡುವಿರುವ, ನಾವು ಕಾಯಬೇಕಾದ ಹದ್ದನ್ನು ಉಕ್ಕಿನಿಂದ ಸುತ್ತುಗಟ್ಟಿ ಅದಕ್ಕೆ ಕೋಟೆ ಎಂದು ಹೆಸರಿಟ್ಟಿದ್ದಾರೆ. ಇಬ್ಬರೂ ಒಂದೇ ಪಕ್ಷದಲ್ಲಿರುವುದರಿಂದ ಮನೆಯಲ್ಲಿ ಜಗಳವೂ ಕಡಿಮೆ, ಒಬ್ಬರ ಗುಂಡು ಇನ್ನೊಬ್ಬರಿಗೆ ತಾಗಿ ಟ್ಯಾಂಕ್ ನಿಂತುಹೋಗುವ ಸಂದರ್ಭವೊಂದನ್ನು ಬಿಟ್ಟು.

ಉತ್ತರ 4: ಗಾಳಿಗಿರಣಿ (ಚಿತ್ರದುರ್ಗ)

ಮೇಷ್ಟ್ರ ನಾಣ್ಯದ ನಿಯಮವನ್ನು ನಾನು ಪೂರ್ತಿ ಒಪ್ಪುವುದಿಲ್ಲ. ನಮಗೆ ಪಾರ್ಲರಿನಲ್ಲಿ ಹಿರಿಯ ಹುಡುಗರು ಆಡುವುದನ್ನು ಗಂಟೆಗಟ್ಟಲೆ ನಿಂತು ನೋಡುವ ಅವಕಾಶವಿತ್ತು. ಯಾವ ಬಾಸ್ ಎಲ್ಲಿ ಹಾರುತ್ತಾನೆಂಬುದು ಒಂದು ರೂಪಾಯಿ ಹಾಕುವ ಮೊದಲೇ ಬಾಯಿಪಾಠವಾಗಿರುತ್ತಿತ್ತು. ಮನೆಯಲ್ಲಿ ಒಬ್ಬಳೇ ಕಲಿಯುವ ಮಗುವಿಗೆ ಆ ಪಾಠಶಾಲೆ ಇಲ್ಲ. ಮೊದಲ ಸಲ ಬೇಕಾದಷ್ಟು ಬಾರಿ ಸತ್ತು ಆಟದ ಕೊನೆಯವರೆಗೂ ನೋಡಲಿ. ನಿಯಮ ಎರಡನೆಯ ಸಲಕ್ಕೆ ಇರಲಿ.

ಕೈಯಲ್ಲಿ ಹಿಡಿಯುವ ಸಾಧನವನ್ನು ಕೊಂಡೇ ಕೊಳ್ಳುವುದಾದರೆ ಅನುಭವದಿಂದ ಕೆಲವು ಮಾತು. ನಾನು ಕೊಂಡದ್ದರ ಜೊತೆ ಬಂದ ಮೆಮೊರಿ ಕಾರ್ಡ್ ಎರಡು ತಿಂಗಳಲ್ಲಿ ಸತ್ತಿತು, ಅದರೊಂದಿಗೆ ನಾನು ಉಳಿಸಿಟ್ಟ ಆಟಗಳೂ ಹೋದವು. ಮೊದಲ ದಿನವೇ ಒಳ್ಳೆಯ ಕಾರ್ಡಿಗೆ ನಕಲು ಮಾಡಿಕೊಳ್ಳಿ. ಚಾರ್ಜ್ ಆಗುತ್ತಿಲ್ಲವೆಂದು ಹಿಂದಿರುಗಿಸುವ ಮೊದಲು ಕೇಬಲ್ ಬದಲಿಸಿ ನೋಡಿ: ಇಂಥ ಅಗ್ಗದ ಕೆಲವು ಸಾಧನಗಳಲ್ಲಿ ಎರಡೂ ತುದಿ ಟೈಪ್-ಸಿ ಇರುವ ಕೇಬಲ್ಲಿಗೆ ಬೇಕಾದ ಪುಟ್ಟ ರೆಸಿಸ್ಟರುಗಳನ್ನೇ ಹಾಕಿರುವುದಿಲ್ಲ, ಒಂದು ತುದಿ ಹಳೆಯ ಚಪ್ಪಟೆ ಯುಎಸ್‌ಬಿ ಆಗಿದ್ದರೆ ಸರಾಗವಾಗಿ ಚಾರ್ಜ್ ಆಗುತ್ತದೆ. ಸ್ಟ್ರೀಟ್ ಫೈಟರ್ ಬಗೆಯ ಆರ್ಕೇಡ್ ಕಾಳಗದ ಆಟಗಳಿಗೆ ಗುದ್ದಿಗೆ ಮೂರು, ಒದೆಗೆ ಮೂರು, ಒಟ್ಟು ಆರು ಗುಂಡಿ ಬೇಕು. ಚಿಕ್ಕ ಸಾಧನದಲ್ಲಿ ಎದುರಿಗೆ ನಾಲ್ಕೇ ಗುಂಡಿ ಇರುವುದರಿಂದ ಉಳಿದೆರಡು ಭುಜದ ಗುಂಡಿಗೆ ಹೋಗುತ್ತವೆ, ಅರ್ಧ ಗಂಟೆಯಲ್ಲಿ ಬೆರಳು ನೋಯುತ್ತದೆ. ಗೇಮ್‌ಬಾಯ್‌ಗೆಂದೇ ಮಾಡಿದ ಆಟಗಳು ಅದರಲ್ಲಿ ಸೊಗಸು. ಪಾರ್ಲರ್ ಆಟಗಳು ಅಲ್ಲ.

ಇನ್ನೊಂದನ್ನು ಯಾರೂ ಹೇಳಲಿಲ್ಲವಾದ್ದರಿಂದ ಹೇಳುತ್ತೇನೆ. ಹಳೆಯ ಯಂತ್ರವನ್ನು ಅನುಕರಿಸುವ ಎಮ್ಯುಲೇಟರ್ ಎಂಬ ತಂತ್ರಾಂಶ ಬೇರೆ, ಅದರಲ್ಲಿ ಓಡಿಸುವ ಆಟದ ನಕಲು ಬೇರೆ. 1980ರ ದಶಕದ ಆಟಗಳಿಗೂ ಕೃತಿಸ್ವಾಮ್ಯ ಇನ್ನೂ ಜೀವಂತವಾಗಿದೆ. ಹತ್ತು ಸಾವಿರ ಆಟ ತುಂಬಿ ಮಾರುವವರು ಯಾರ ಬಳಿಯೂ ಅನುಮತಿ ಪಡೆದಿರುವುದಿಲ್ಲ. ಮೇಷ್ಟ್ರು ಹೇಳಿದ ಎರಡು ಸಂಗ್ರಹಗಳಿಗೆ ಹಣ ಹಾಕುವುದೇ ಮೇಲು.

ಮರುನುಡಿ: ಬೆಣ್ಣೆನಗರಿ (ದಾವಣಗೆರೆ)

ಎಲ್ಲರಿಗೂ ಧನ್ಯವಾದಗಳು. ಮೂರು ವಾರಗಳ ನಂತರ ಬರೆಯುತ್ತಿದ್ದೇನೆ.

ಮಾವನವರ ಮನೆಯಲ್ಲಿ ಬಟ್ಟೆ ಹೊದಿಸಿ ಇಟ್ಟಿದ್ದ 21 ಇಂಚಿನ ಡಬ್ಬಾ ಟಿವಿಯನ್ನು ಆಟೋದಲ್ಲಿ ತರಿಸಿದೆ. ಬಂದೂಕು ಮೊದಲ ಏಟಿಗೇ ಕೆಲಸ ಮಾಡಿತು. ಗುರಿ ತಪ್ಪಿದಾಗ ನಗುವ ನಾಯಿಯ ಮೇಲೆ ನನ್ನ ಮಗಳಿಗೆ ಬಂದ ಸಿಟ್ಟು 1997ರಲ್ಲಿ ನನಗೆ ಬಂದದ್ದಕ್ಕಿಂತ ಒಂದು ತೂಕ ಹೆಚ್ಚೇ ಇತ್ತು. ಮಂಡಿಪೇಟೆಯ ಸಾಧನವನ್ನು ಕೊಳ್ಳಲಿಲ್ಲ. ತಂಗಿಯ ಮನೆಯ ಪ್ಲೇಸ್ಟೇಷನ್ನಿಗೆ ಎರಡೂ ಸಂಗ್ರಹಗಳನ್ನು ಹಾಕಿಸಿದ್ದೇನೆ, ಭಾನುವಾರಗಳಲ್ಲಿ ಹರಿಹರದ ಪ್ರಯಾಣ.

ನಾಣ್ಯದ ವಿಷಯದಲ್ಲಿ ಮೇಷ್ಟ್ರು ಮತ್ತು ಗಾಳಿಗಿರಣಿ ಇಬ್ಬರ ಮಾತನ್ನೂ ಕೇಳಿದೆ. ಮೊದಲ ಭಾನುವಾರ ಲೆಕ್ಕವಿಲ್ಲದೆ ಆಡಿದೆವು, ಎರಡನೆಯದಕ್ಕೆ ಇಬ್ಬರಿಗೂ ಐದೈದು ಹುಣಸೆ ಬೀಜ. ಆಮೆಗಳ ಆಟದಲ್ಲಿ ಮೂರನೆಯ ಸ್ಟೇಜಿಗೆ ನನ್ನ ಐದೂ ಮುಗಿದವು, ಅವಳ ಬಳಿ ಇನ್ನೂ ಎರಡು ಇದ್ದವು. ಸಾಲ ಕೇಳಿದರೆ ಕೊಡಲಿಲ್ಲ. ಪಕ್ಕದಲ್ಲಿ ಕುಳಿತು ನೋಡಿ ಕಲಿಯಿರಿ ಎಂದಳು.

ಎಕ್ಸ್-ಮೆನ್ ವರ್ಸಸ್ ಸ್ಟ್ರೀಟ್ ಫೈಟರ್‌ನಲ್ಲಿ ಪ್ಲೇಸ್ಟೇಷನ್ನಿನ ರಿಮೋಟಿನಿಂದ ನನಗೆ ಒಂದು ಹಡೋಕೆನ್ನೂ (ಕೈಯಿಂದ ಶಕ್ತಿಯ ಉಂಡೆ ಎಸೆಯುವ ಹೊಡೆತ) ಸರಿಯಾಗಿ ಬರುತ್ತಿಲ್ಲ. ಏಳುಸುತ್ತು ಅವರ ಅಂಗಡಿಯಲ್ಲಿ ಪಾರ್ಲರ್ ಮಾದರಿಯ ಸ್ಟಿಕ್ಕು, ಆರು ಗುಂಡಿಗಳ ಪೆಟ್ಟಿಗೆಯೊಂದನ್ನು ಮಾಡಿಸಿಕೊಳ್ಳಲು ಸಾಧ್ಯವೇ? ಮುಂದಿನ ಶನಿವಾರ ಚಿತ್ರದುರ್ಗಕ್ಕೆ ಬರುವವನಿದ್ದೇನೆ. ದಾವಣಗೆರೆಯ ಮಂಡಕ್ಕಿ-ಮೆಣಸಿನಕಾಯಿ ಕಟ್ಟಿಸಿಕೊಂಡು ಬರುತ್ತೇನೆ.

ಏಳುಸುತ್ತು (ಚಿತ್ರದುರ್ಗ)

ಸಾಧ್ಯ. ಗುಂಡಿಗಳು 30 ಮಿಲಿಮೀಟರಿನವು ಇರಲಿ. ಪೆಟ್ಟಿಗೆಗೆ ತೆಳು ಪ್ಲೈವುಡ್ ಬೇಡ, ಜೋರಾಗಿ ಆಡುವಾಗ ಮಡಿಲಿನಿಂದ ಜಾರುತ್ತದೆ. ಮೆಣಸಿನಕಾಯಿ ತನ್ನಿ, ಆದರೆ ತಿಂದು ಕೈ ತೊಳೆದ ಮೇಲೆಯೇ ಸ್ಟಿಕ್ ಮುಟ್ಟುವುದು. ಎಣ್ಣೆ ಸ್ವಿಚ್ಚಿನೊಳಗೆ ಇಳಿದರೆ ನಾನು ರಿಪೇರಿ ಮಾಡಿಕೊಡುವುದಿಲ್ಲ.